ಹಾನ್ಸ್ ಪೀಟರ್ ಲೂನ್: ಬಟ್ಟೆಯ ಎಳೆಯಿಂದ ಹ್ಯಾಷ್ ತನಕ

ನಿಮ್ಮ ಡೆಬಿಟ್ ಕಾರ್ಡಿನ ಕೊನೇ ಅಂಕಿ ನೋಡಿ. ಅದು ಬ್ಯಾಂಕಿನವರು ಸುಮ್ಮನೆ ಕೊಟ್ಟ ಅಂಕಿ ಅಲ್ಲ. ಅದರ ಹಿಂದಿರೋ ಅಷ್ಟೂ ಅಂಕಿಗಳಿಂದ ಲೆಕ್ಕ ಹಾಕಿ ತೆಗೆದ ಅಂಕಿ ಅದು. ಮೊಬೈಲಿನ 15 ಅಂಕಿಯ ಐಎಂಇಐ ನಂಬರಿನ ಕೊನೇ ಅಂಕಿಯೂ ಅದೇ ಲೆಕ್ಕದ್ದು. ಡೇಟಾ ಸ್ಟ್ರಕ್ಚರ್ಸ್ ಪೇಪರ್‌ನಲ್ಲಿ ನಾವೆಲ್ಲ ಓದೋ ಹ್ಯಾಷ್ ಟೇಬಲ್ ಇದೆಯಲ್ಲ, ಅದರ ಮೂಲಕ್ಕೆ ಹೋದರೂ ಸಿಗೋದು ಅದೇ ಮನುಷ್ಯ. ಅವರೇ ಹಾನ್ಸ್ ಪೀಟರ್ ಲೂನ್.

ಲೂನ್ ಅಲ್ಗಾರಿದಮ್ ಅನ್ನೋ ಹೆಸರು ಕೋಡಿಂಗ್ ಕಲಿತವರಿಗೆಲ್ಲ ಗೊತ್ತು. ಇಂಟರ್‌ವ್ಯೂಗಳಲ್ಲೂ ಕೇಳ್ತಾರೆ. ಆದರೆ ಆ ಹೆಸರಿನ ಹಿಂದಿರೋ ಬದುಕು ಗೊತ್ತಿರೋರು ಕಡಿಮೆ. ಈ ಸಂಚಿಕೆಯಲ್ಲಿ ನಾವು ಅವರ ಕಥೆ ಹೇಳ್ತೀವಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ನೋಡೋಣ. ಕಂಪ್ಯೂಟರ್ ಆನ್ ಆಗುವಾಗ ಒಳಗಿರೋ ಸಾಫ್ಟ್‌ವೇರನ್ನು ಯಾರಾದರೂ ಬದಲಾಯಿಸಿದ್ದಾರಾ ಅಂತ ತಿಳಿಯೋಕೆ ಇವತ್ತು ಹ್ಯಾಷ್ ಬಳಸ್ತಾರೆ. ಅಲ್ಲಿ ಲೂನ್ ಅವರ ಹ್ಯಾಷ್ ಯಾಕೆ ಸಾಲಲ್ಲ, ಯಾವ ಹ್ಯಾಷ್ ಬೇಕು?

ಪ್ರಿಂಟಿಂಗ್ ಪ್ರೆಸ್‌ನಿಂದ ನ್ಯೂಯಾರ್ಕಿಗೆ

ಲೂನ್ ಹುಟ್ಟಿದ್ದು 1896ರ ಜುಲೈ 1ರಂದು, ಜರ್ಮನಿಯ ಬಾರ್ಮೆನ್ ಊರಲ್ಲಿ. ಆ ಊರು ಈಗ ವುಪರ್ಟಾಲ್ ನಗರದ ಒಂದು ಭಾಗ. ಮನೆಯವರದ್ದು ಮುದ್ರಣದ ಕಸುಬು. ಮಗ ಕೂಡ ಅದನ್ನೇ ಮುಂದುವರಿಸಬೇಕು ಅನ್ನೋ ಲೆಕ್ಕದಲ್ಲಿ ಶಾಲೆ ಮುಗಿದ ಮೇಲೆ ಸ್ವಿಟ್ಜರ್ಲೆಂಡಿಗೆ ಹೋಗಿ ಮುದ್ರಣ ಕಲಿಯೋಕೆ ಶುರು ಮಾಡಿದರು. ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು. ಲೂನ್ ಜರ್ಮನ್ ಸೇನೆಯ ಸಂಪರ್ಕ ವಿಭಾಗದ ಅಧಿಕಾರಿಯಾದರು. ಪ್ರೆಸ್ಸಿನ ಕನಸು ಅಲ್ಲಿಗೇ ನಿಂತಿತು.

ಯುದ್ಧ ಮುಗಿದಾಗ ಸೋತ ಜರ್ಮನಿಯಲ್ಲಿ ಕೆಲಸ ಸುಲಭವಾಗಿರಲಿಲ್ಲ. ಲೂನ್ ಬಟ್ಟೆ ಉದ್ಯಮಕ್ಕೆ ಸೇರಿದರು. ಅದೇ ಕೆಲಸದ ಮೇಲೆ 1924ರಲ್ಲಿ ಅಮೆರಿಕಕ್ಕೆ ಬಂದರು, ಆಮೇಲೆ ಅಲ್ಲೇ ಉಳಿದುಬಿಟ್ಟರು.

ಅವರಿಗೆ ಹೆಸರು ತಂದುಕೊಟ್ಟ ಮೊದಲ ಸಾಧನ ಕಂಪ್ಯೂಟರಿಗೆ ಸಂಬಂಧಪಟ್ಟಿದ್ದೇ ಅಲ್ಲ. ಬಟ್ಟೆ ವ್ಯಾಪಾರದಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಇದೆ ಅನ್ನೋದರ ಮೇಲೆ ಗುಣಮಟ್ಟ ನಿಲ್ಲುತ್ತೆ. ಅದನ್ನು ಲೆನ್ಸ್ ಹಿಡಿದು ಒಂದೊಂದಾಗಿ ಎಣಿಸಬೇಕಿತ್ತು. ಲೂನ್ ಗೆರೆ ಎಳೆದ ಒಂದು ಪಾರದರ್ಶಕ ಪಟ್ಟಿ ಮಾಡಿದರು. ಅದನ್ನು ಬಟ್ಟೆಯ ಮೇಲೆ ಇಟ್ಟರೆ ಪಟ್ಟಿಯ ಗೆರೆಗಳೂ ಬಟ್ಟೆಯ ಎಳೆಗಳೂ ಒಂದರ ಮೇಲೊಂದು ಬಿದ್ದು ಅಲೆ ಅಲೆಯ ಚಿತ್ತಾರ ಕಾಣುತ್ತೆ. ಆ ಚಿತ್ತಾರ ಎಲ್ಲಿ ಬರುತ್ತೋ ಅಲ್ಲಿ ಎಳೆಗಳ ಸಂಖ್ಯೆ ಓದಿಕೊಳ್ಳಬಹುದು, ಒಂದೂ ಎಳೆ ಎಣಿಸಬೇಕಾಗಿಲ್ಲ. ಲ್ಯೂನೋಮೀಟರ್ ಅಂತ ಅದರ ಹೆಸರು.

1920ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಅವರು ಸ್ವತಂತ್ರ ಎಂಜಿನಿಯರಿಂಗ್ ಸಲಹೆಗಾರರಾಗಿದ್ದರು. ಮಡಚಿಡುವ ರೇನ್‌ಕೋಟು, ಹೆಂಗಸರ ಕಾಲುಚೀಲಕ್ಕೆ ಆಕಾರ ಕೊಡುವ ಸಾಧನ, ಆಟದ ಮೇಜು, ಮನೆಯಲ್ಲಿರೋ ಸಾಮಾನಿನಿಂದ ಯಾವ ಕಾಕ್‌ಟೇಲ್ ಮಾಡಬಹುದು ಅಂತ ಹೇಳೋ ಒಂದು ಮಾರ್ಗದರ್ಶಿ, ಹೀಗೆ ಏನೇನೋ ಕಂಡುಹಿಡಿದರು. ಬದುಕು ಮುಗಿಯೋ ಹೊತ್ತಿಗೆ ಅವರ ಹೆಸರಲ್ಲಿ 80ಕ್ಕೂ ಹೆಚ್ಚು ಪೇಟೆಂಟ್ ಇದ್ದವು.

ಐಬಿಎಂನಲ್ಲಿ

1941ರಲ್ಲಿ ಐಬಿಎಂ ಅವರನ್ನು ಹಿರಿಯ ಸಂಶೋಧನಾ ಎಂಜಿನಿಯರ್ ಆಗಿ ಸೇರಿಸಿಕೊಂಡಿತು. ಆಗ ಅವರಿಗೆ 45 ವರ್ಷ. ಕಂಪ್ಯೂಟರ್ ಅನ್ನೋದು ಇನ್ನೂ ಸರಿಯಾಗಿ ಹುಟ್ಟೇ ಇರಲಿಲ್ಲ. ಐಬಿಎಂನ ಬದುಕು ನಡೀತಿದ್ದಿದ್ದು ಪಂಚ್ ಕಾರ್ಡಿನ ಮೇಲೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಂಶೋಧನಾ ಲೇಖನಗಳ ಪ್ರವಾಹವೇ ಬಂತು. ಓದೋದು ಇರಲಿ, ಬೇಕಾದ್ದನ್ನು ಹುಡುಕೋದೇ ಕಷ್ಟವಾಯ್ತು. 1940ರ ದಶಕದ ಕೊನೆಗೆ ಜೇಮ್ಸ್ ಪೆರಿ, ಮಾಲ್ಕಂ ಡೈಸನ್ ಅನ್ನೋ ಇಬ್ಬರು ರಸಾಯನ ವಿಜ್ಞಾನಿಗಳು ಐಬಿಎಂ ಬಳಿ ಬಂದು, ರಾಸಾಯನಿಕ ಸಂಯುಕ್ತಗಳ ಮಾಹಿತಿಯನ್ನು ಯಂತ್ರದಿಂದ ಹುಡುಕೋಕೆ ಆಗುತ್ತಾ ಅಂತ ವಿಚಾರಿಸಿದರು. ಕೆಲಸ ಲೂನ್ ಕೈಗೆ ಬಂತು. ಅವರು ಮಾಡಿದ ಯಂತ್ರಕ್ಕೆ ಲೂನ್ ಸ್ಕ್ಯಾನರ್ ಅಂತಲೇ ಹೆಸರಾಯ್ತು. ಅಲ್ಲಿಂದ ಕೊನೇ ತನಕ ಅವರ ತಲೆಯಲ್ಲಿ ಓಡಿದ್ದು ಒಂದೇ ವಿಷಯ: ರಾಶಿ ಮಾಹಿತಿಯಲ್ಲಿ ಬೇಕಾದ್ದನ್ನು ಬೇಗ ಹುಡುಕೋದು ಹೇಗೆ.

1953ರ ಜನವರಿ

ಆ ತಿಂಗಳು ಲೂನ್ ಐಬಿಎಂ ಒಳಗಿನವರಿಗೆ ಒಂದು ಟಿಪ್ಪಣಿ ಬರೆದರು. ಹ್ಯಾಶಿಂಗ್ ಬಗ್ಗೆ ಗೊತ್ತಿರೋ ಮೊದಲ ಬರಹ ಅದೇ. ಐಡಿಯಾ ಸರಳ. ಒಂದು ನಂಬರನ್ನು ಹುಡುಕೋಕೆ ಇಡೀ ಪಟ್ಟಿ ಯಾಕೆ ನೋಡಬೇಕು? ಆ ನಂಬರಿನಿಂದಲೇ ಒಂದು ಚಿಕ್ಕ ಲೆಕ್ಕ ಮಾಡಿದ್ರೆ ಅದು ಯಾವ ಬಕೆಟ್‌ನಲ್ಲಿದೆ ಅಂತ ಗೊತ್ತಾಗಬೇಕು. ಒಂದೇ ಬಕೆಟ್‌ಗೆ ಎರಡು ಬಂದರೆ ಎರಡನ್ನೂ ಅಲ್ಲೇ ಸರಪಳಿ ಹಾಗೆ ಜೋಡಿಸಿಡೋದು. ನಾವು ಚೈನಿಂಗ್ ಅಂತ ಪರೀಕ್ಷೆಯಲ್ಲಿ ಬರೆಯೋದು ಇದನ್ನೇ. ಲಿಂಕ್ಡ್ ಲಿಸ್ಟ್ ಬಳಕೆಯ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಲೆಕ್ಕ ಹೇಗೆ ಅಂತ ನೋಡೋಣ. ಹತ್ತು ಅಂಕಿಯ ನಂಬರ್ 2718281828 ತಗೊಳ್ಳಿ. ಎರಡೆರಡಾಗಿ ಒಡೀರಿ: 27, 18, 28, 18, 28. ಪ್ರತಿ ಜೋಡಿಯ ಅಂಕಿ ಕೂಡಿಸಿ: 9, 9, 10, 9, 10. ಎರಡಂಕಿ ಬಂದರೆ ಕೊನೇದು ಮಾತ್ರ ಇಟ್ಟುಕೊಳ್ಳಿ. ಬಕೆಟ್ ನಂಬರ್ 99090. ಅಷ್ಟೇ.

ಈಗ ಮೊದಲ ಎರಡು ಅಂಕಿ ಅದಲು ಬದಲು ಮಾಡಿ 7218281828 ಅಂತ ಬರೆದು ನೋಡಿ. 72 ಕೂಡಿಸಿದರೂ 9. ಬಕೆಟ್ ಮತ್ತೆ 99090. ಎರಡು ಬೇರೆ ನಂಬರಿಗೆ ಒಂದೇ ಹ್ಯಾಷ್ ಬಂತು, ಅಂದರೆ ಕೊಲಿಷನ್. ಲೂನ್ ಅವರಿಗೆ ಇದು ದೊಡ್ಡ ತಲೆನೋವಲ್ಲ. ಬಕೆಟ್ ತೆರೆದು ಒಳಗಿರೋ ಎರಡು ನಂಬರ್ ಹೋಲಿಸಿದರೆ ಮುಗೀತು. ಹುಡುಕೋ ಕೆಲಸದಲ್ಲಿ ಕೊಲಿಷನ್ ಆದರೆ ಸ್ವಲ್ಪ ಹೊತ್ತು ಹೆಚ್ಚಾಗುತ್ತೆ, ಯಾರಿಗೂ ಮೋಸ ಆಗಲ್ಲ.

ಹ್ಯಾಷ್ ಅನ್ನೋ ಪದ ಆಗಿನ್ನೂ ಬಳಕೆಗೆ ಬಂದಿರಲಿಲ್ಲ, ಅದು ಬಂದಿದ್ದು ಆಮೇಲೆ. ಲೂನ್ ಟಿಪ್ಪಣಿ ಕಂಪನಿ ಒಳಗೇ ಉಳಿಯಿತು. ಸ್ವಲ್ಪ ದಿನಕ್ಕೇ ಐಬಿಎಂನ ಜೀನ್ ಆಮ್‌ಡಾಲ್ ಮತ್ತು ಜೊತೆಗಾರರು, 1957ರಲ್ಲಿ ಸೋವಿಯತ್ ದೇಶದ ಆಂದ್ರೇ ಯೆರ್ಶೋವ್, ತಮ್ಮ ಪಾಡಿಗೆ ತಾವು ಇದೇ ಜಾಡಿನ ವಿಧಾನ ಕಂಡುಕೊಂಡರು. ಸಾರ್ವಜನಿಕವಾಗಿ ಮೊದಲು ಅಚ್ಚಾದ ಲೇಖನ 1956ರದ್ದು, ಬರೆದವರು ಆರ್ನಲ್ಡ್ ಡ್ಯೂಮಿ.

ತಪ್ಪು ಹಿಡಿಯುವ ಅಂಕಿ

ಮುಂದಿನ ವರ್ಷ, 1954ರ ಜನವರಿಯಲ್ಲಿ, ಲೂನ್ ಇನ್ನೊಂದು ಪೇಟೆಂಟಿಗೆ ಅರ್ಜಿ ಹಾಕಿದರು. ಅದು ಸಿಕ್ಕಿದ್ದು 1960ರ ಆಗಸ್ಟ್‌ನಲ್ಲಿ. ಇದು ಕೈಯಲ್ಲಿ ಹಿಡಿದು ಬಳಸೋ, ಕರೆಂಟ್ ಬೇಡದ ಒಂದು ಯಾಂತ್ರಿಕ ಸಾಧನ. ಉದ್ದ ನಂಬರನ್ನು ಬರೆದುಕೊಳ್ಳುವಾಗ ಗುಮಾಸ್ತರು ಒಂದಂಕಿ ತಪ್ಪು ಬರೀತಾರೆ, ಇಲ್ಲಾ ಪಕ್ಕಪಕ್ಕದ ಎರಡು ಅಂಕಿ ಅದಲು ಬದಲು ಮಾಡ್ತಾರೆ. ಆ ತಪ್ಪು ಅಲ್ಲೇ ಗೊತ್ತಾಗಬೇಕು.

ಉದಾಹರಣೆಗೆ 27182. ಬಲಗಡೆಯಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಷ್ಟು ಮಾಡಿ. 2 ಹೋಗಿ 4, 8 ಹಾಗೇ, 1 ಹೋಗಿ 2, 7 ಹಾಗೇ, 2 ಹೋಗಿ 4. ಕೂಡಿಸಿದರೆ 25. ಮುಂದಿನ ಹತ್ತರ ಗುಣಕ 30ಕ್ಕೆ 5 ಬೇಕು. ಆ 5 ಕೊನೆಗೆ ಸೇರಿ ನಂಬರ್ 271825 ಆಗುತ್ತೆ. ಯಾರಾದರೂ ಮೊದಲೆರಡು ಅಂಕಿ ತಿರುವಿ 72182 ಅಂತ ಬರೆದರೆ? ಈಗ 4, 8, 2, 2, ಆಮೇಲೆ 7ರ ಎರಡರಷ್ಟು 14, ಅದರ ಅಂಕಿ ಕೂಡಿಸಿದರೆ 5. ಒಟ್ಟು 21, ಬರಬೇಕಾದ ಕೊನೇ ಅಂಕಿ 9. ಇರೋದು 5. ತಪ್ಪು ಸಿಕ್ಕಿಬಿತ್ತು.

ಹ್ಯಾಷ್ ಲೆಕ್ಕಕ್ಕೆ ಕಾಣದ ಅದಲು ಬದಲು ಈ ಲೆಕ್ಕಕ್ಕೆ ಕಾಣಿಸ್ತು. ಯಾಕಂದ್ರೆ ಇಲ್ಲಿ ಅಂಕಿ ಯಾವ ಜಾಗದಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಪೂರ್ತಿ ಅಲ್ಲ, 09 ಮತ್ತು 90 ಅದಲು ಬದಲಾದರೆ ಇದಕ್ಕೂ ಗೊತ್ತಾಗಲ್ಲ. ನಮ್ಮ ಆಧಾರ್ ನಂಬರಿಗೆ ಬಳಸಿರೋದು ಬೇರೆ ಲೆಕ್ಕ, ಫರ್ಹೂಫ್ ಅನ್ನೋ ಡಚ್ ಗಣಿತಜ್ಞರದ್ದು. ಅದು ಪಕ್ಕಪಕ್ಕದ ಎಲ್ಲಾ ಅದಲು ಬದಲುಗಳನ್ನೂ ಹಿಡಿಯುತ್ತೆ. ಆದರೆ ಕಾಗದ ಪೆನ್ಸಿಲ್ ಇಟ್ಟುಕೊಂಡು ಯಾರು ಬೇಕಾದರೂ ಮಾಡಬಹುದಾದ ಸುಲಭದ ಲೆಕ್ಕ ಲೂನ್ ಅವರದ್ದೇ. ಅದಕ್ಕೇ ಜಗತ್ತಿನ ಕಾರ್ಡುಗಳ ಮೇಲೆಲ್ಲಾ ಅದು ಕೂತಿದೆ.

ಒಂದು ಮಾತು ಗಮನಿಸಿ. ಈ ಎರಡೂ ಲೆಕ್ಕಗಳಲ್ಲಿ ಎದುರಾಳಿ ಅಂತ ಯಾರೂ ಇಲ್ಲ. ಇರೋದು ಸುಸ್ತಾದ ಗುಮಾಸ್ತ. ಬೇಕಂತಲೇ ಮೋಸ ಮಾಡೋನು ಬಂದರೆ 721825 ಅಂತ ಯಾಕೆ ಬರೀತಾನೆ? ಅವನೂ ಲೆಕ್ಕ ಹಾಕಿ 721829 ಅಂತಲೇ ಬರೀತಾನೆ, ಪರೀಕ್ಷೆ ಪಾಸ್ ಆಗುತ್ತೆ. ಇದು ಲೂನ್ ಅವರ ಕೊರತೆ ಅಲ್ಲ. ಅವರಿಗೆ ಕೊಟ್ಟ ಸಮಸ್ಯೆ ಅದಾಗಿರಲಿಲ್ಲ.

ಕೊನೆಯ ವರ್ಷಗಳು

1958 ಲೂನ್ ಪಾಲಿಗೆ ದೊಡ್ಡ ವರ್ಷ. ಏಪ್ರಿಲ್‌ನಲ್ಲಿ ಐಬಿಎಂ ಜರ್ನಲ್‌ನಲ್ಲಿ ಅವರ ಒಂದು ಲೇಖನ ಬಂತು. ವಿಷಯ, ಲೇಖನದ ಸಾರಾಂಶವನ್ನು ಯಂತ್ರವೇ ತಯಾರಿಸೋದು. ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ, ತೀರಾ ಸಾಮಾನ್ಯ ಪದಗಳನ್ನು ಬಿಟ್ಟು, ಮುಖ್ಯ ಪದಗಳು ಒತ್ತೊತ್ತಾಗಿರೋ ವಾಕ್ಯಗಳನ್ನು ಆರಿಸೋದು. ಐಬಿಎಂ 704 ಯಂತ್ರದ ಮೇಲೆ ಅದನ್ನು ಮಾಡಿಯೂ ತೋರಿಸಿದರು. ಅಕ್ಟೋಬರ್‌ನಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ಬಗ್ಗೆ ಇನ್ನೊಂದು ಲೇಖನ. ಸಂಸ್ಥೆಗೆ ಬರೋ ಕಾಗದಪತ್ರಗಳಲ್ಲಿ ಯಾರಿಗೆ ಯಾವುದು ಬೇಕೋ ಅದನ್ನು ಯಂತ್ರವೇ ಗುರುತಿಸಿ ಅವರಿಗೆ ಕಳಿಸೋ ವ್ಯವಸ್ಥೆ ಅದು.

ಅದೇ ವರ್ಷ ವಾಷಿಂಗ್ಟನ್‌ನಲ್ಲಿ ನಡೆದ ವೈಜ್ಞಾನಿಕ ಮಾಹಿತಿಯ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಕ್ವಿಕ್ ಸೂಚಿ ಎಲ್ಲರ ಗಮನ ಸೆಳೀತು. ಲೇಖನದ ಶೀರ್ಷಿಕೆಯಲ್ಲಿರೋ ಪ್ರತಿ ಮುಖ್ಯ ಪದವನ್ನೂ ಸಾಲಿನ ನಡುವೆ ತಂದು ಅಕಾರಾದಿಯಲ್ಲಿ ಜೋಡಿಸೋದು ಇದರ ಉಪಾಯ. ಕಾವೇರಿ ಕಣಿವೆಯ ಮಣ್ಣು ಅನ್ನೋ ಶೀರ್ಷಿಕೆ ಇದ್ದರೆ ಕಾವೇರಿ ಅಂತ ಹುಡುಕಿದವರಿಗೂ ಸಿಗುತ್ತೆ, ಕಣಿವೆ ಅಂದವರಿಗೂ, ಮಣ್ಣು ಅಂದವರಿಗೂ. 1960ರ ದಶಕದಲ್ಲಿ ಅಮೆರಿಕದ ಕೆಮಿಕಲ್ ಟೈಟಲ್ಸ್ ಪತ್ರಿಕೆ ಇದೇ ರೀತಿಯಲ್ಲಿ ಹೊರಬಂತು.

1961ರಲ್ಲಿ ಲೂನ್ ಐಬಿಎಂನಿಂದ ನಿವೃತ್ತರಾದರು. ಅಮೆರಿಕನ್ ಡಾಕ್ಯುಮೆಂಟೇಶನ್ ಇನ್‌ಸ್ಟಿಟ್ಯೂಟ್‌ನ ಅಧ್ಯಕ್ಷರಾಗಿದ್ದಾಗಲೇ 1964ರ ಆಗಸ್ಟ್ 19ರಂದು ನ್ಯೂಯಾರ್ಕ್ ರಾಜ್ಯದ ಆರ್ಮಾಂಕ್‌ನಲ್ಲಿ ತೀರಿಕೊಂಡರು. ವಯಸ್ಸು 68.

ಎದುರಾಳಿ ಬಂದ ಮೇಲೆ

ಲೂನ್ ಹೋದ ಮೇಲೆ ಹ್ಯಾಷ್‌ಗೆ ಹೊಸ ಕೆಲಸ ಬಂತು. 1970ರ ದಶಕದಲ್ಲಿ ಡಿಜಿಟಲ್ ಸಹಿಯ ಮಾತು ಶುರುವಾದಾಗ, ದೊಡ್ಡ ಫೈಲಿಗೆ ಒಂದು ಚಿಕ್ಕ ಬೆರಳಚ್ಚು ಬೇಕಾಯ್ತು. ಈ ಸಲ ಷರತ್ತು ಬೇರೆ. ಎಷ್ಟು ಬುದ್ಧಿವಂತ ಎದುರಾಳಿ ಬಂದರೂ ಒಂದೇ ಹ್ಯಾಷ್ ಇರೋ ಎರಡು ಫೈಲ್ ಮಾಡೋಕೆ ಆಗಬಾರದು. ಕೊಲಿಷನ್ ಗಣಿತದಲ್ಲಿ ಇದ್ದೇ ಇರುತ್ತೆ, ಆದರೆ ಅದನ್ನು ಹುಡುಕೋದು ಯಾರ ಕೈಲೂ ಆಗದಷ್ಟು ಕಷ್ಟ ಇರಬೇಕು. ಹೀಗೆ ಹುಟ್ಟಿದ ಸಾಲಿನಲ್ಲಿ 1995ರಲ್ಲಿ ಶಾ-1 ಬಂತು, 160 ಬಿಟ್‌ನದ್ದು. ಆಮೇಲೆ ಶಾ-256, ಶಾ-384 ಇರೋ ಶಾ-2 ಕುಟುಂಬ ಬಂತು.

ಈ ಹ್ಯಾಷ್‌ನ ಒಂದು ಮುಖ್ಯ ಕೆಲಸ ನಡೆಯೋದು ನಾವು ಪವರ್ ಬಟನ್ ಒತ್ತಿದ ಮೊದಲ ಕ್ಷಣಗಳಲ್ಲಿ. ಫರ್ಮ್‌ವೇರ್ ಬೂಟ್‌ಲೋಡರನ್ನು ಓಡಿಸೋ ಮುಂಚೆ ಅದರ ಹ್ಯಾಷ್ ತೆಗೆದು ಟಿಪಿಎಂ ಅನ್ನೋ ಭದ್ರತಾ ಚಿಪ್‌ಗೆ ಕೊಡುತ್ತೆ. ಬೂಟ್‌ಲೋಡರ್ ಕರ್ನಲ್‌ಗೂ ಹಾಗೇ ಮಾಡುತ್ತೆ. ಇದನ್ನು ಅಳೆಯೋದು ಅಂತಾರೆ. ಟಿಪಿಎಂ ರಿಜಿಸ್ಟರಿಗೆ ನೇರವಾಗಿ ಏನನ್ನೂ ಬರೆಯೋಕೆ ಆಗಲ್ಲ. ಹಳೇ ಬೆಲೆಯ ಪಕ್ಕ ಹೊಸ ಹ್ಯಾಷ್ ಜೋಡಿಸಿ, ಎರಡರ ಹ್ಯಾಷ್ ಮತ್ತೆ ತೆಗೆದು, ಅದನ್ನೇ ಹೊಸ ಬೆಲೆಯಾಗಿ ಚಿಪ್ಪೇ ಇಟ್ಟುಕೊಳ್ಳುತ್ತೆ. ಹಾಗಾಗಿ ಏನು ಓಡ್ತು ಅನ್ನೋದರ ಜೊತೆ ಯಾವ ಕ್ರಮದಲ್ಲಿ ಓಡ್ತು ಅನ್ನೋದೂ ಅದರಲ್ಲಿ ಉಳಿಯುತ್ತೆ. ಡಿಸ್ಕ್ ಬೀಗದ ಕೀಲಿಯನ್ನು ಈ ಬೆಲೆಗೆ ಕಟ್ಟಿಟ್ಟರೆ, ಬೂಟ್‌ನಲ್ಲಿ ಯಾರಾದರೂ ಕೈ ಆಡಿಸಿದಾಗ ಕೀಲಿ ಸಿಗಲ್ಲ.

ಇಲ್ಲಿ ಲೂನ್ ಶೈಲಿಯ ಹ್ಯಾಷ್ ಇಟ್ಟರೆ ಏನಾಗುತ್ತೆ ಅಂತ ಮೇಲೇ ನೋಡಿದ್ವಿ. 27ರ ಜಾಗಕ್ಕೆ 72 ಬಂದರೂ ಬಕೆಟ್ ಅದೇ. ಹಾಗೇ ಒಳ್ಳೇ ಕರ್ನಲ್ ಜಾಗಕ್ಕೆ ಕೆಟ್ಟದ್ದನ್ನು ಹಾಕಬಹುದು. ಹುಡುಕೋ ಕೆಲಸದಲ್ಲಿ ಬಕೆಟ್ ತೆರೆದು ಹೋಲಿಸಬಹುದಿತ್ತು. ಟಿಪಿಎಂ ಒಳಗೆ ಹೋಲಿಸೋಕೆ ಮೂಲ ಫೈಲೇ ಇರಲ್ಲ, ಹ್ಯಾಷ್ ಒಂದೇ ಸಾಕ್ಷಿ.

ಶಾ-1 ಕೂಡ ಇಲ್ಲಿ ಸಾಲಲ್ಲ ಅಂತ ಗೊತ್ತಾಗಿದ್ದು ನಿಧಾನಕ್ಕೆ. ಟಿಪಿಎಂ 1.2 ಚಿಪ್‌ಗಳಲ್ಲಿ ಶಾ-1 ಬಿಟ್ಟರೆ ಬೇರೆ ಆಯ್ಕೆಯೇ ಇರಲಿಲ್ಲ. 160 ಬಿಟ್‌ಗೆ ಕೊಲಿಷನ್ ಹುಡುಕೋಕೆ ಸುಮಾರು 2ರ 80ನೇ ಘಾತದಷ್ಟು ಪ್ರಯತ್ನ ಬೇಕು ಅನ್ನೋದು ಲೆಕ್ಕ. 2005ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಜೊತೆಗಾರರು ಅದಕ್ಕಿಂತ ಕಡಿಮೆ ಸಾಕು ಅಂತ ತೋರಿಸಿದರು. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಸ್ಥೆಯವರು ಸುಮಾರು 2ರ 63ನೇ ಘಾತದಷ್ಟು ಲೆಕ್ಕದಲ್ಲಿ ಒಂದೇ ಶಾ-1 ಹ್ಯಾಷ್ ಇರೋ ಎರಡು ಬೇರೆ ಪಿಡಿಎಫ್ ಮಾಡಿಯೇ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ, 2030ರ ಕೊನೆಯೊಳಗೆ ಶಾ-1 ಬಳಕೆ ನಿಲ್ಲಿಸಬೇಕು ಅಂತ ಪ್ರಕಟಿಸಿತು.

ಕೆಲವರು ಕೇಳಬಹುದು: ಇರೋ ಕರ್ನಲ್‌ನ ಹ್ಯಾಷ್‌ಗೇ ಸರಿಹೊಂದೋ ಇನ್ನೊಂದು ಫೈಲ್ ಮಾಡೋದು ಶಾ-1ನಲ್ಲೂ ಇವತ್ತಿಗೂ ಆಗಿಲ್ಲವಲ್ಲ? ನಿಜ. ಆದರೆ ಎರಡೂ ಫೈಲನ್ನು ಒಬ್ಬನೇ ತಯಾರು ಮಾಡೋ ಸ್ಥಿತಿಯಲ್ಲಿದ್ದರೆ? ಒಳ್ಳೇದನ್ನು ತೋರಿಸಿ ಒಪ್ಪಿಗೆ ತಗೊಂಡು, ಆಮೇಲೆ ಅದರ ಜೋಡಿಯನ್ನು ಹಾಕಬಹುದು. ಅದಕ್ಕೆ ಕೊಲಿಷನ್ ಸಾಕು. ಮೇಲಾಗಿ ಒಂದು ಸಲ ರಾಮ್‌ಗೆ ಬರೆದ ಬೂಟ್ ಕೋಡನ್ನು ಆಮೇಲೆ ಬದಲಾಯಿಸೋಕೆ ಆಗಲ್ಲ. ಮಷೀನು ಎಷ್ಟು ವರ್ಷ ಬಾಳುತ್ತೋ ಆ ಹ್ಯಾಷ್ ಕೂಡ ಅಷ್ಟು ವರ್ಷ ಗಟ್ಟಿ ಇರಬೇಕು.

ಹಾಗಿದ್ರೆ ಶಾ-256 ಇಟ್ಟುಬಿಟ್ಟರೆ ಮುಗೀತಾ? ಇಲ್ಲೊಂದು ಸೂಕ್ಷ್ಮ ಇದೆ. ಟಿಪಿಎಂ 2.0ನಲ್ಲಿ ಪ್ರತಿ ಅಲ್ಗಾರಿದಮ್‌ಗೂ ಬೇರೆ ಬೇರೆ ರಿಜಿಸ್ಟರ್ ಬ್ಯಾಂಕ್ ಇರುತ್ತೆ. ಫರ್ಮ್‌ವೇರ್ ಶಾ-1 ಬ್ಯಾಂಕನ್ನೂ ಆನ್ ಇಟ್ಟಿದೆ, ಆದರೆ ನಮ್ಮ ಬೂಟ್ ಕೋಡ್ ಶಾ-256 ಮಾತ್ರ ತುಂಬಿಸುತ್ತೆ ಅಂದುಕೊಳ್ಳಿ. ಆಗ ಶಾ-1 ಬ್ಯಾಂಕ್ ಖಾಲಿ ಚೆಕ್ ಇದ್ದ ಹಾಗೆ. ಆಮೇಲೆ ಬಂದ ಕೆಟ್ಟ ಪ್ರೋಗ್ರಾಂ ಒಳ್ಳೇ ಕರ್ನಲ್‌ನ ಹ್ಯಾಷನ್ನು ತಾನೇ ಅಲ್ಲಿ ತುಂಬಿಸಿ, ನೋಡಿ ಎಲ್ಲ ಸರಿಯಾಗಿ ಬೂಟ್ ಆಗಿದೆ ಅಂತ ಸಾಕ್ಷಿ ಕೊಡಿಸಬಹುದು.

ಇದಕ್ಕೆ ಮೂರು ದಾರಿ. ಒಂದು, ಆನ್ ಇರೋ ಎಲ್ಲ ಬ್ಯಾಂಕಿಗೂ ಅಳತೆ ತುಂಬಿಸೋದು. ಹಾಗೆ ಮಾಡಿದರೆ ಹಳೇ ಶಾ-1 ಕೋಡನ್ನೂ ಒಳಗೆ ಇಟ್ಟುಕೊಂಡಿರಬೇಕು. ಎರಡು, ಬೇಡದ ಬ್ಯಾಂಕಿಗೆ ಅರ್ಥವಿಲ್ಲದ ಒಂದು ಬೆಲೆ ತುಂಬಿಸಿ ಮುಚ್ಚಿಬಿಡೋದು. ಆಗ ಯಾರು ಏನು ಮಾಡಿದರೂ ಅಲ್ಲಿ ಒಳ್ಳೇ ಬೆಲೆ ಬರೋಕೆ ಸಾಧ್ಯ ಇಲ್ಲ. ಮೂರು, ಫರ್ಮ್‌ವೇರ್ ಸೆಟ್ಟಿಂಗ್‌ನಲ್ಲೇ ಆ ಬ್ಯಾಂಕ್ ಆಫ್ ಮಾಡೋದು. ನಮಗೆ ಸರಿ ಅನ್ನಿಸೋದು ಹೀಗೆ: ಶಾ-256 ಅಥವಾ ಶಾ-384 ಬ್ಯಾಂಕನ್ನು ಮಾತ್ರ ನಂಬೋದು, ಶಾ-1 ಬ್ಯಾಂಕನ್ನು ಆಫ್ ಮಾಡೋಕೆ ಆದರೆ ಆಫ್ ಮಾಡೋದು, ಆಗದಿದ್ದರೆ ಮುಚ್ಚೋದು. ಹೊಂದಾಣಿಕೆಗೆ ಅಂತ ಹಳೇದನ್ನು ತುಂಬಿಸಲೇಬೇಕಾದ ಕಡೆ ತುಂಬಿಸಲಿ, ಪರೀಕ್ಷೆ ಮಾಡೋರು ಮಾತ್ರ ಅದನ್ನು ಸಾಕ್ಷಿ ಅಂತ ಒಪ್ಪಬಾರದು.

ಲೂನ್ ಬದುಕಿನಿಂದ ನಾವು ಕಲಿತಿದ್ದು ಇದೇ. ಅವರು ಯಾವ ಲೆಕ್ಕ ಮಾಡಿದರೂ ಮೊದಲು ಕೆಲಸ ಏನು, ತಪ್ಪು ಎಲ್ಲಿಂದ ಬರುತ್ತೆ ಅಂತ ನೋಡಿದರು. ಎಳೆ ಎಣಿಸೋಕೆ ಗೆರೆಪಟ್ಟಿ, ಬೇಗ ಹುಡುಕೋಕೆ ಬಕೆಟ್, ಕೈತಪ್ಪಿಗೆ ಒಂದಂಕಿ. ಅವರ ಕಾಲಕ್ಕೆ ಅಷ್ಟು ಸಾಕಿತ್ತು. ನಮ್ಮ ಕಾಲದಲ್ಲಿ ಅದೇ ಪ್ರಶ್ನೆ ಕೇಳಿದರೆ ಉತ್ತರದಲ್ಲಿ ಎದುರಾಳಿಯೂ ಇದ್ದಾನೆ.

ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇರೋರು ಟಿಪಿಎಂ2-ಟೂಲ್ಸ್ ಹಾಕಿಕೊಂಡು ರಿಜಿಸ್ಟರ್‌ಗಳನ್ನು ಓದಿ ನೋಡಿ. ಶಾ-1 ಬ್ಯಾಂಕ್ ಇನ್ನೂ ಆನ್ ಇದೆಯಾ, ಇದ್ದರೆ ಅದರಲ್ಲಿ ಏನಿದೆ ಅಂತ ನಿಮ್ಮ ಕಣ್ಣಾರೆ ಕಾಣುತ್ತೆ.